ಮತಪತ್ರದ ಮೇಲೆ ‘ಪೊಲೀಸ್, ಅಗ್ನಿಶಾಮಕ’ ಎಂದಿದೆ. ದುಡ್ಡು ಅಲ್ಲಿಗೇ ಹೋಗುತ್ತದೆಯೇ?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯ ಒಂದು ಮಧ್ಯಮ ಗಾತ್ರದ ಊರಿನಲ್ಲಿದ್ದೇವೆ. ಇಲ್ಲಿ ಈಗ ಸೇಲ್ಸ್ ಟ್ಯಾಕ್ಸ್ ಶೇ. 7.75. ನವೆಂಬರ್ ಚುನಾವಣೆಯಲ್ಲಿ ಅದನ್ನು ಶೇ. 8.25ಕ್ಕೆ ಏರಿಸಲು ಸಿಟಿ ಕೌನ್ಸಿಲ್ ಜನರ ಒಪ್ಪಿಗೆ ಕೇಳುತ್ತಿದೆ. ವರ್ಷಕ್ಕೆ 90 ಲಕ್ಷ ಡಾಲರ್ ಬರುತ್ತದಂತೆ, ‘ಪೊಲೀಸ್ ಗಸ್ತು, ಅಗ್ನಿಶಾಮಕ, 911 ಸೇವೆ ಮುಂತಾದ ಸಾಮಾನ್ಯ ಸೇವೆಗಳಿಗೆ’ ಬಳಸುತ್ತಾರಂತೆ, ಮತದಾರರು ನಿಲ್ಲಿಸುವವರೆಗೂ ಇರುತ್ತದಂತೆ. ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ದಿನಸಿ ತುಟ್ಟಿಯಾಗುತ್ತದೆ ಎಂದು ಒಬ್ಬರು. ಪೊಲೀಸರಿಗೆಂದು ಡಾಲರಿಗೆ ಅರ್ಧ ಸೆಂಟ್ ಈಗಾಗಲೇ ಕೊಡುತ್ತಿದ್ದೇವೆ ಎಂದು ಇನ್ನೊಬ್ಬರು. ಎಲ್ಲ ಪೆನ್ಷನ್‌ಗೆ ಹೋಗುತ್ತದೆ ಎಂದು ಮತ್ತೊಬ್ಬರು. ಮನೆ ವಿಮೆ ಇಳಿಯುತ್ತದೆ, ಹೌದು ಅನ್ನಿ ಎನ್ನುವವರೂ ಇದ್ದಾರೆ. ನನ್ನಾಕೆ ಸಿಟಿಜನ್, ನಾನಿನ್ನೂ ಗ್ರೀನ್ ಕಾರ್ಡ್. ತೆರಿಗೆ ಇಬ್ಬರೂ ಕಟ್ಟುತ್ತೇವೆ, ಓಟು ಅವಳಿಗೆ ಮಾತ್ರ. 36,000 ಡಾಲರ್‌ನ ಕಾರು ಕೊಳ್ಳುವ ಯೋಚನೆಯೂ ಇದೆ, ಪಕ್ಕದೂರಿನಲ್ಲಿ ಕೊಂಡರೆ ಉಳಿತಾಯವೇ? ಒಟ್ಟಿನಲ್ಲಿ ಇದನ್ನು ನಂಬಬಹುದೇ?

ಉತ್ತರ: ಪತ್ರದಲ್ಲಿ ಪ್ರಶ್ನೆ ಹಲವಿದ್ದರೂ ಕಳವಳ ಒಂದೇ. ದುಡ್ಡು ಕೊಡಲು ನಿಮಗೆ ತಕರಾರಿಲ್ಲ. ಫೈರ್ ಸ್ಟೇಷನ್‌ನ ಹೆಸರು ಹೇಳಿ ತೆಗೆದುಕೊಂಡದ್ದು ಫೈರ್ ಸ್ಟೇಷನ್‌ಗೇ ಹೋಗಬೇಕು, ಅಷ್ಟೆ. ಕರ್ನಾಟಕದಲ್ಲಿ ಬೆಳೆದವರಿಗೆ ಈ ಪ್ರಶ್ನೆಯೇ ಹೊಸದು. ಅಲ್ಲಿ ಪೊಲೀಸೂ ಅಗ್ನಿಶಾಮಕವೂ ರಾಜ್ಯದ ಇಲಾಖೆಗಳು. ಜಿಎಸ್‌ಟಿ ದರದ ಬಗ್ಗೆ ತಿಪಟೂರಿನವರನ್ನೋ ಸಾಗರದವರನ್ನೋ ಯಾರೂ ಓಟು ಕೇಳುವುದಿಲ್ಲ. ಇಲ್ಲಿ ಎರಡೂ ಊರಿನದೇ ಖರ್ಚು, ಊರಿನ ತಿಜೋರಿಯಲ್ಲಿ ಇಲ್ಲದಿದ್ದರೆ ಊರಿನವರನ್ನೇ ಕೇಳಬೇಕು.

ಮೊದಲು ಗುಂಪಿನ ಮಾತುಗಳನ್ನು ಜರಡಿ ಹಿಡಿಯೋಣ.

ದಿನಸಿಯದು ತಪ್ಪು. ಅಕ್ಕಿ, ತೊಗರಿಬೇಳೆ, ಹಾಲು, ತರಕಾರಿ, ದೋಸೆ ಹಿಟ್ಟಿನ ಡಬ್ಬಿ, ಅಂದರೆ ಮನೆಗೆ ಒಯ್ದು ತಿನ್ನುವ ಆಹಾರಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಸೇಲ್ಸ್ ಟ್ಯಾಕ್ಸ್ ಇಲ್ಲ. ವೈದ್ಯರು ಬರೆದುಕೊಟ್ಟ ಔಷಧಕ್ಕೂ ಇಲ್ಲ. ಮಗುವಿನ ಡೈಪರ್‌ಗೆ 2020ರಿಂದ ಇಲ್ಲ. ಕ್ಷೌರ, ಮೆಕ್ಯಾನಿಕ್‌ನ ಕೂಲಿ, ವಕೀಲರ ಫೀಸು ಮೊದಲಾದ ಸೇವೆಗಳೂ ಬಹುಮಟ್ಟಿಗೆ ಹೊರಗೇ. ಬೀಳುವುದು ಇವುಗಳ ಮೇಲೆ: ಹೋಟೆಲಿನ ಬಿಸಿ ಇಡ್ಲಿ-ವಡೆ, ಸೋಡಾ, ಬಟ್ಟೆ, ಟಿವಿ, ಸೋಫಾ, ಕಾರಿನ ಬಿಡಿಭಾಗ, ಪೆಟ್ರೋಲು. ಮದುವೆಗೆ ಕೊಳ್ಳುವ ಚಿನ್ನದ ಒಡವೆಯೂ ಸೇರಿ. ವರ್ಷಕ್ಕೆ ತೆರಿಗೆ ಬೀಳುವಂಥ ವಸ್ತು 20,000 ಡಾಲರ್‌ನಷ್ಟು ಕೊಳ್ಳುವ ಸಂಸಾರಕ್ಕೆ ಅರ್ಧ ಪರ್ಸೆಂಟ್ ಎಂದರೆ 100 ಡಾಲರ್. ‘ಅರ್ಧ ಸೆಂಟ್ ಮಾತ್ರ’ ಎಂದು ಪರವಾದವರೂ, ‘ದರದಲ್ಲಿ ಶೇ. 6ಕ್ಕೂ ಹೆಚ್ಚು ಏರಿಕೆ’ ಎಂದು ವಿರೋಧಿಗಳೂ ಬರೆಯುತ್ತಾರೆ. ಎರಡೂ ಲೆಕ್ಕ ಸರಿ, ಎರಡೂ ನಿಮ್ಮ ಜೇಬಿನ ಮೊತ್ತ ಹೇಳುವುದಿಲ್ಲ. ಆದಾಯ ಕಡಿಮೆ ಇದ್ದವರಿಗೆ ಈ ತೆರಿಗೆಯ ಭಾರ ಹೆಚ್ಚು ಎನ್ನುವುದು ಮಾತ್ರ ನಿಜ, ಏಕೆಂದರೆ ಅವರ ದುಡಿಮೆಯ ಹೆಚ್ಚು ಪಾಲು ಸಾಮಾನು ಕೊಳ್ಳಲೇ ಹೋಗುತ್ತದೆ.

‘ಈಗಾಗಲೇ ಅರ್ಧ ಸೆಂಟ್ ಕೊಡುತ್ತಿದ್ದೇವೆ’ ಎಂದವರು ವಿಷಯ ತಿಳಿದವರು. 1993ರ ನವೆಂಬರ್‌ನಲ್ಲಿ ಪ್ರೊಪೊಸಿಷನ್ 172 ಎಂಬುದನ್ನು ರಾಜ್ಯದ ಮತದಾರರು ಒಪ್ಪಿದರು (ರಾಜ್ಯದ ಜನರ ಓಟಿಗೆ ಇಡುವ ಪ್ರಸ್ತಾಪಕ್ಕೆ ಪ್ರೊಪೊಸಿಷನ್ ಎನ್ನುತ್ತಾರೆ). ರಾಜ್ಯಕ್ಕೆಲ್ಲ ಒಂದೇ ಆದ ಶೇ. 7.25ರ ಮೂಲ ದರದೊಳಗೆ ಅರ್ಧ ಪರ್ಸೆಂಟ್ ಸಾರ್ವಜನಿಕ ಸುರಕ್ಷತೆಗೆಂದೇ ಕೂತಿದೆ. ಆದರೆ ಅದರ ಬಹುಪಾಲು ಕೌಂಟಿಗೆ ಸೇರುತ್ತದೆ: ಶೆರಿಫ್, ಜೈಲು, ಸರಕಾರಿ ವಕೀಲರ ಕಚೇರಿ, ಪ್ರೊಬೇಷನ್. ಸಿಟಿಗಳಿಗೆ ತುಣುಕು ಮಾತ್ರ. ಒಂದೇ ಕೆಲಸಕ್ಕೆ ಎರಡು ಸಲ ವಸೂಲಿ ಎನ್ನಲಾಗದು, ಆದರೂ ಕೌನ್ಸಿಲ್ ಸಭೆಯಲ್ಲಿ ‘ನಮ್ಮ ಊರಿಗೆ 172ರಿಂದ ಎಷ್ಟು ಬರುತ್ತದೆ’ ಎಂದು ಕೇಳಿ. ಬಜೆಟ್ ಪುಸ್ತಕದಲ್ಲಿ ಅದಕ್ಕೊಂದು ಸಾಲು ಇರುತ್ತದೆ.

ವಿಮೆಯ ಆಸೆಯನ್ನು ಬದಿಗಿಡಿ. ಐಎಸ್‌ಒ ಎಂಬ ಸಂಸ್ಥೆ ಊರುಗಳ ಅಗ್ನಿಶಾಮಕ ವ್ಯವಸ್ಥೆಗೆ 1ರಿಂದ 10ರವರೆಗೆ ದರ್ಜೆ ಕೊಡುವುದು ನಿಜ, 1 ಅತ್ಯುತ್ತಮ. ಅದರ ಒಟ್ಟು 105.5 ಅಂಕಗಳಲ್ಲಿ ಅಗ್ನಿಶಾಮಕ ದಳಕ್ಕೆ 50, ನೀರಿನ ಪೂರೈಕೆಗೆ 40. ನಲ್ಲಿಯಲ್ಲಿ ಒತ್ತಡವಿಲ್ಲದಿದ್ದರೆ ಹೊಸ ಎಂಜಿನ್ ಒಂದೇ ದರ್ಜೆ ಏರಿಸದು. ಏರಿಸಿದರೂ ವಿಮಾ ಕಂಪನಿ ಕಾಡ್ಗಿಚ್ಚಿನ ಅಪಾಯವನ್ನು ತನ್ನದೇ ಲೆಕ್ಕದಲ್ಲಿ ಅಳೆಯುತ್ತದೆ.

ಇನ್ನು ಮುಖ್ಯ ವಿಷಯ. ನೀವು ಬರೆದ ಮತಪತ್ರದ ಸಾಲಿನಲ್ಲಿ ಒಂದು ಪದವಿದೆ: ‘ಮುಂತಾದ’. ಇಡೀ ಪ್ರಶ್ನೆಯ ಉತ್ತರ ಅದರಲ್ಲೇ ಇದೆ.

1996ರ ಪ್ರೊಪೊಸಿಷನ್ 218ರ ಪ್ರಕಾರ ಊರಿನ ತೆರಿಗೆಗಳು ಎರಡೇ ಜಾತಿ. ಒಂದು ಸಾಮಾನ್ಯ ತೆರಿಗೆ: ದುಡ್ಡು ಜನರಲ್ ಫಂಡ್‌ಗೆ, ಅಂದರೆ ಊರಿನ ಸಾಮಾನ್ಯ ಖಜಾನೆಗೆ ಬೀಳುತ್ತದೆ, ಕೌನ್ಸಿಲ್ ಯಾವ ಕಾನೂನುಬದ್ಧ ಕೆಲಸಕ್ಕಾದರೂ ಬಳಸಬಹುದು. ಇದು ಪಾಸಾಗಲು ಶೇ. 50 ದಾಟಿ ಒಂದು ಓಟು ಸಾಕು. ಇನ್ನೊಂದು ವಿಶೇಷ ತೆರಿಗೆ: ಹೇಳಿದ ಕೆಲಸಕ್ಕಷ್ಟೇ ಬಳಸಬೇಕು, ಪ್ರತ್ಯೇಕ ಖಾತೆಯಲ್ಲಿಡಬೇಕು, ವರ್ಷಕ್ಕೊಮ್ಮೆ ವರದಿ ಕೊಡಬೇಕು. ಇದಕ್ಕೆ ಮೂರರಲ್ಲಿ ಎರಡು ಪಾಲು ಓಟು ಬೇಕು. ಶೇ. 60 ಜನ ಹೌದು ಎಂದರೂ ಸೋಲು. ಆದ್ದರಿಂದಲೇ ಹೆಚ್ಚಿನ ಊರುಗಳು ಸಾಮಾನ್ಯ ತೆರಿಗೆಯ ದಾರಿ ಹಿಡಿದು, ವಿವರಣೆಯಲ್ಲಿ ಪೊಲೀಸ್, ಅಗ್ನಿಶಾಮಕ, ರಸ್ತೆ ಗುಂಡಿ ಎಂದೆಲ್ಲ ಪಟ್ಟಿ ಮಾಡಿ, ಕೊನೆಗೆ ‘ಮುಂತಾದ ಸಾಮಾನ್ಯ ಸೇವೆಗಳು’ ಎಂದು ಸೇರಿಸುತ್ತವೆ. ನಿಮ್ಮದೂ ಹಾಗೆಯೇ. ಪಟ್ಟಿ ಬರೀ ಉದಾಹರಣೆ. ಮುಂದಿನ ಕೌನ್ಸಿಲ್ ಅದೇ ದುಡ್ಡಿನಲ್ಲಿ ಪಾರ್ಕಿನ ಬೆಂಚು ಹಾಕಿಸಿದರೂ ಕೋರ್ಟು ಕೇಳುವುದಿಲ್ಲ. ಇದನ್ನು ಮೋಸ ಎನ್ನಲಾಗದು, ಕಾನೂನು ಬಿಟ್ಟಿರುವ ಬಾಗಿಲು. ಸಿಟಿ ಅಟಾರ್ನಿ ಬರೆಯುವ ನಿಷ್ಪಕ್ಷ ವಿಶ್ಲೇಷಣೆ ಮತದಾರರ ಕೈಪಿಡಿಯಲ್ಲಿ ಬರುತ್ತದೆ. ಬಣ್ಣದ ಕರಪತ್ರಗಳನ್ನು ಬಿಟ್ಟು ಅದೊಂದನ್ನು ಓದಿದರೂ ಇದು ಯಾವ ಜಾತಿಯ ತೆರಿಗೆ ಎಂದು ತಿಳಿಯುತ್ತದೆ.

ಹಾಗಾದರೆ ವಿಶೇಷ ತೆರಿಗೆಯಾಗಿದ್ದರೆ ನಿಶ್ಚಿಂತೆಯೇ? ಅದೂ ಇಲ್ಲ. ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ಮೊದಲು ನೋಡುವುದೇ ಇಲ್ಲಿ. ವಿಶೇಷ ತೆರಿಗೆ ಬೀಗ ಹಾಕುವುದು ಹೊಸ ದುಡ್ಡಿಗೆ, ಹಳೆಯ ದುಡ್ಡಿಗಲ್ಲ. ಒಂದು ಲೆಕ್ಕ ನೋಡಿ. ಊರು ಜನರಲ್ ಫಂಡ್‌ನಿಂದ ಪೊಲೀಸ್-ಅಗ್ನಿಶಾಮಕಕ್ಕೆ ವರ್ಷಕ್ಕೆ 5 ಕೋಟಿ ಡಾಲರ್ ಕೊಡುತ್ತಿದೆ ಎಂದಿಟ್ಟುಕೊಳ್ಳಿ. ಹೊಸ ತೆರಿಗೆಯಿಂದ 90 ಲಕ್ಷ ಬಂತು. ಮುಂದಿನ ಬಜೆಟ್‌ನಲ್ಲಿ ಈ ಇಲಾಖೆಗಳ ಒಟ್ಟು ಮೊತ್ತ 5 ಕೋಟಿ 20 ಲಕ್ಷ ಎಂದು ಕಾಣುತ್ತದೆ. ಹೊಸ 90 ಲಕ್ಷ ಪೈಸೆ ಬಿಡದೆ ಅಲ್ಲಿಗೇ ಹೋಗಿದೆ, ಲೆಕ್ಕಪರಿಶೋಧಕರು ಸರಿ ಎಂದು ಸಹಿ ಹಾಕುತ್ತಾರೆ. ಆದರೆ ಜನರಲ್ ಫಂಡ್‌ನ ಪಾಲು 5 ಕೋಟಿಯಿಂದ 4 ಕೋಟಿ 30 ಲಕ್ಷಕ್ಕೆ ಇಳಿದಿದೆ. 70 ಲಕ್ಷ ಸದ್ದಿಲ್ಲದೆ ಬೇರೆಡೆ ನಡೆಯಿತು. ಇದನ್ನು ತಡೆಯಬೇಕಾದರೆ ‘ಜನರಲ್ ಫಂಡ್‌ನಿಂದ ಈಗ ಕೊಡುತ್ತಿರುವುದಕ್ಕಿಂತ ಕಡಿಮೆ ಕೊಡುವಂತಿಲ್ಲ’ ಎಂಬ ಷರತ್ತು ತೆರಿಗೆ ಹಾಕುವ ಊರಿನ ಕಾನೂನಿನಲ್ಲೇ, ಅಂದರೆ ಆರ್ಡಿನೆನ್ಸ್‌ನಲ್ಲೇ ಇರಬೇಕು. ಮೇಂಟೆನೆನ್ಸ್ ಆಫ್ ಎಫರ್ಟ್ ಎನ್ನುತ್ತಾರೆ. ಅದರಲ್ಲೂ ಮೊತ್ತವನ್ನು ಡಾಲರ್‌ನಲ್ಲಿ ಬರೆದರೆ ಹಣದುಬ್ಬರದಲ್ಲಿ ನಾಲ್ಕೈದು ವರ್ಷಕ್ಕೆ ಸವೆದುಹೋಗುತ್ತದೆ. ಜನರಲ್ ಫಂಡ್‌ನ ಶೇಕಡಾವಾರು ಎಂದಿದ್ದರೆ ಗಟ್ಟಿ.

ನಿಮಗೆ ಹತ್ತಿರದ ಸ್ಟಾಕ್‌ಟನ್‌ನಲ್ಲಿ ಎರಡೂ ಬಗೆ ಇವೆ. 2004ರಲ್ಲಿ ಅಲ್ಲಿನವರು ಮೆಷರ್ ಡಬ್ಲ್ಯು (ಊರಿನ ಮತಪತ್ರದ ಪ್ರಸ್ತಾಪವನ್ನು ಮೆಷರ್ ಎನ್ನುತ್ತಾರೆ) ಎಂಬ ಕಾಲು ಪರ್ಸೆಂಟ್ ತೆರಿಗೆಯನ್ನು ಪೊಲೀಸ್ ಮತ್ತು ಅಗ್ನಿಶಾಮಕಕ್ಕೆಂದೇ ಒಪ್ಪಿದರು, ಅದು ವಿಶೇಷ ತೆರಿಗೆ. ನಾಲ್ಕು ವರ್ಷದಲ್ಲಿ ಮನೆ ಮಾರುಕಟ್ಟೆ ಕುಸಿಯಿತು, ಊರಿನ ಮಿಕ್ಕ ಆದಾಯ ಬತ್ತಿತು. ಮೆಷರ್ ಡಬ್ಲ್ಯು ಇದ್ದೂ ಪೊಲೀಸರ ಸಂಖ್ಯೆ ಸುಮಾರು ಕಾಲು ಭಾಗ ಇಳಿಯಿತು, ಅಗ್ನಿಶಾಮಕ ಸಿಬ್ಬಂದಿ ಅದಕ್ಕಿಂತ ಹೆಚ್ಚು. 2012ರ ಜೂನ್‌ನಲ್ಲಿ ಊರು ದಿವಾಳಿ ಅರ್ಜಿ ಹಾಕಿತು. ಆ ವರ್ಷ 71 ಕೊಲೆಗಳಾದವು. 2013ರ ನವೆಂಬರ್‌ನಲ್ಲಿ ಮತ್ತೆ ಮತದಾರರ ಮುಂದೆ ಹೋದಾಗ ಮುಕ್ಕಾಲು ಪರ್ಸೆಂಟಿನ ಮೆಷರ್ ಎ ಸಾಮಾನ್ಯ ತೆರಿಗೆ. ಅದರ ಜೊತೆಗೆ ಮೆಷರ್ ಬಿ ಎಂಬ ಸಲಹಾ ಮತ. ಶೇ. 65 ಪೊಲೀಸ್ ಮತ್ತು ಅಪರಾಧ ತಡೆಗೆ, ಶೇ. 35 ದಿವಾಳಿಯಿಂದ ಹೊರಬರಲು ಎಂಬುದು ಆ ಸಲಹೆ. ಕಾನೂನಿನ ಬಲ ಇಲ್ಲ, ನೈತಿಕ ಒತ್ತಡ ಮಾತ್ರ. ಗುರಿ ಹೆಚ್ಚುವರಿ 120 ಪೊಲೀಸರು. ದುಡ್ಡು 2014ರ ಏಪ್ರಿಲ್‌ನಿಂದಲೇ ಬರತೊಡಗಿತು, ಪೊಲೀಸರು ಬರಲಿಲ್ಲ: ಸೇರಿಸಿಕೊಂಡಷ್ಟೇ ಬೇಗ ಬೇರೆ ಊರುಗಳಿಗೆ ಬಿಟ್ಟುಹೋಗುತ್ತಿದ್ದರು, ಸಂಖ್ಯೆ ತುಂಬಲು ವರ್ಷಗಳು ಹಿಡಿದವು.

ಇದಕ್ಕೆ ಕಾರಣ ಸರಳ. ಅಕಾಡೆಮಿಯ ತರಬೇತಿ ರಾಜ್ಯದ ಕನಿಷ್ಠ ಮಟ್ಟದಲ್ಲೇ 664 ಗಂಟೆ, ಹೆಚ್ಚಿನ ಕಡೆ ಅದಕ್ಕಿಂತ ಜಾಸ್ತಿ. ಆಮೇಲೆ ಹಿರಿಯ ಅಧಿಕಾರಿಯ ಜೊತೆ ಕನಿಷ್ಠ 10 ವಾರ ಗಸ್ತು. ಅರ್ಜಿ, ಹಿನ್ನೆಲೆ ತಪಾಸಣೆ ಎಲ್ಲ ಸೇರಿ ಒಬ್ಬ ಹೊಸಬ ಒಂಟಿಯಾಗಿ ಗಸ್ತು ಕಾರು ಓಡಿಸಲು ಒಂದು ವರ್ಷದ ಹತ್ತಿರ. ಹಾಗಾಗಿ ಮೊದಲ ವರ್ಷದ ದುಡ್ಡು ಖರ್ಚಾಗದೆ ಉಳಿಯುವುದು ಸಹಜ. ಉಳಿದದ್ದು ಎಲ್ಲಿ ಕೂರುತ್ತದೆ ಎಂದು ಕೇಳುವುದು ನಿಮ್ಮ ಕೆಲಸ.

ಈಗ 90 ಲಕ್ಷಕ್ಕೆ ಏನು ಬರುತ್ತದೆ ನೋಡೋಣ. ಇದನ್ನು ಲೆಕ್ಕ ಹಾಕದೆ ಯಾರೂ ಓಟು ಹಾಕಬಾರದು ಎಂದು ನನ್ನ ಅನಿಸಿಕೆ. ವರ್ಷಕ್ಕೆ 8,760 ಗಂಟೆ. ಫೈರ್ ಎಂಜಿನ್‌ನಲ್ಲಿ ಮೂವರು: ಕ್ಯಾಪ್ಟನ್, ಗಾಡಿ ಓಡಿಸಿ ಪಂಪು ನೋಡುವ ಎಂಜಿನಿಯರ್, ಒಬ್ಬ ಫೈರ್‌ಫೈಟರ್. ಅವರ ಕೆಲಸ ವಾರಕ್ಕೆ ಸರಾಸರಿ 56 ಗಂಟೆ, ವರ್ಷಕ್ಕೆ 2,912. ಅಂದರೆ ಒಂದೊಂದು ಸೀಟಿಗೆ ಮೂರು ಜನ ಸರದಿ, ಎಂಜಿನ್‌ಗೆ ಒಂಬತ್ತು. ರಜೆ, ಗಾಯ, ತರಬೇತಿಗೆ ಬದಲಿ ಸೇರಿಸಿದರೆ ಹತ್ತು-ಹನ್ನೊಂದು, ಇಲ್ಲವೇ ಅಷ್ಟೇ ಬೆಲೆಯ ಓವರ್‌ಟೈಮ್. ಸಂಬಳ, ಪೆನ್ಷನ್, ಆರೋಗ್ಯ ವಿಮೆ ಎಲ್ಲ ಕೂಡಿ ತಲೆಗೆ ಎರಡು ಲಕ್ಷ ಡಾಲರ್ ಎಂದುಕೊಂಡರೆ ಒಂದೇ ಎಂಜಿನ್‌ನ ಜನಕ್ಕೆ ವರ್ಷಕ್ಕೆ 22 ಲಕ್ಷ. ಗಾಡಿಯ ಬೆಲೆ ಬೇರೆ. ಈಗ ಅದು ಹತ್ತು ಲಕ್ಷದ ಆಸುಪಾಸು, ಆರ್ಡರ್ ಕೊಟ್ಟು ವರ್ಷಗಟ್ಟಲೆ ಕಾಯಬೇಕು. ಪೊಲೀಸರದು ವಾರಕ್ಕೆ 40 ಗಂಟೆ, ವರ್ಷಕ್ಕೆ 2,080. ರಜೆ, ಕೋರ್ಟು, ತರಬೇತಿ ಕಳೆದರೆ ಹಗಲೂ ರಾತ್ರಿ ಒಂದು ಗಸ್ತು ಕಾರು ಖಾಲಿ ಬಿಡದಿರಲು ಐವರು ಬೇಕು, ಹತ್ತು ಲಕ್ಷ. ಹೀಗೆ ಒಂದು ಎಂಜಿನ್, ಮೂರು ಗಸ್ತು ಕಾರು ಎಂದರೆ 52 ಲಕ್ಷ ಮುಗಿಯಿತು. ‘ಪ್ರತಿ ಬಡಾವಣೆಗೂ ಪೊಲೀಸ್’ ಎಂಬ ಕರಪತ್ರ ಬಂದರೆ ಈ ಲೆಕ್ಕ ಪಕ್ಕದಲ್ಲಿಟ್ಟು ಓದಿ.

ನಾಲ್ಕನೆಯ ಫೈರ್‌ಫೈಟರ್ ಏಕೆ ಬೇಕೆನ್ನುತ್ತಾರೆ ಎಂಬುದನ್ನೂ ಹೇಳಬೇಕು, ಏಕೆಂದರೆ ಅದು ದುಂದಿನಂತೆ ಕಾಣುತ್ತದೆ. ಹೊಗೆ ತುಂಬಿದ ಮನೆಯೊಳಗೆ ಇಬ್ಬರು ಹೋದರೆ, ಅವರನ್ನು ಎಳೆದು ತರಲು ಸಜ್ಜಾದ ಇಬ್ಬರು ಹೊರಗಿರಬೇಕು ಎಂಬುದು ಕೇಂದ್ರ ಕಾರ್ಮಿಕ ಸುರಕ್ಷತಾ ನಿಯಮ. ಒಳಗೆ ಜೀವ ಸಿಕ್ಕಿಕೊಂಡಿದೆ ಎಂದು ಗೊತ್ತಿದ್ದರೆ ವಿನಾಯಿತಿ. ಮೂವರ ಎಂಜಿನ್ ಬಂದರೆ ಎರಡನೆಯದು ಬರುವವರೆಗೆ ಹೊರಗಿನಿಂದಲೇ ನೀರು ಹೊಡೆಯುತ್ತಾ ನಿಲ್ಲಬೇಕಾಗಬಹುದು. ರಾಷ್ಟ್ರೀಯ ಅಗ್ನಿ ಸುರಕ್ಷತಾ ಸಂಘದ ಎನ್‌ಎಫ್‌ಪಿಎ 1710 ಎಂಬ ಮಾನದಂಡ ಎಂಜಿನ್‌ಗೆ ನಾಲ್ವರು ಎನ್ನುತ್ತದೆ, ಮೊದಲ ಎಂಜಿನ್ ಹೊರಟ 240 ಸೆಕೆಂಡಿನಲ್ಲಿ ತಲುಪಬೇಕು ಎನ್ನುತ್ತದೆ. ನಿಮ್ಮ ಊರಿನ ದಳ ಈ 240ರ ಎದುರು ಎಲ್ಲಿ ನಿಂತಿದೆ ಎಂದು ಕೇಳಿ; ಸರಾಸರಿ ಬೇಡ, ‘ನೂರರಲ್ಲಿ ತೊಂಬತ್ತು ಕರೆಗಳಿಗೆ ಎಷ್ಟು ಸೆಕೆಂಡು’ ಎಂದೇ ಕೇಳಿ. ಸರಾಸರಿಯಲ್ಲಿ ಕೆಟ್ಟ ಕರೆಗಳು ಅಡಗಿಕೊಳ್ಳುತ್ತವೆ. ಈ ಕರೆಗಳಲ್ಲಿ ಬೆಂಕಿ ಕಡಿಮೆ, ಸುಮಾರು ಮೂರರಲ್ಲಿ ಎರಡು ಎದೆನೋವು, ಬಿದ್ದ ಅಜ್ಜಿ, ಅಪಘಾತದಂಥವು.

ಪೆನ್ಷನ್ ಮಾತು ಅರ್ಧ ನಿಜ. 1978ರ ಪ್ರೊಪೊಸಿಷನ್ 13 ಆಸ್ತಿ ತೆರಿಗೆಯನ್ನು ಶೇ. 1ಕ್ಕೆ ಕಟ್ಟಿಹಾಕಿತು, ಮನೆ ಕೈಬದಲಾಗದಿದ್ದರೆ ಅದರ ತೆರಿಗೆಯ ಮೌಲ್ಯ ವರ್ಷಕ್ಕೆ ಶೇ. 2ಕ್ಕಿಂತ ಏರದು. ಆ ಒಂದು ಡಾಲರ್‌ನಲ್ಲೂ ಹಲವು ಊರುಗಳಿಗೆ ಸಿಗುವುದು ಹತ್ತಿಪ್ಪತ್ತು ಸೆಂಟ್, ಮಿಕ್ಕದ್ದು ಶಾಲೆ, ಕೌಂಟಿ. ಅತ್ತ, 1999ರಲ್ಲಿ ರಾಜ್ಯ ಪೆನ್ಷನ್ ಕಾನೂನು ಸಡಿಲವಾದ ಮೇಲೆ ಊರುಗಳು ಸಾಲುಗಟ್ಟಿ ಪೊಲೀಸ್-ಅಗ್ನಿಶಾಮಕ ಸಿಬ್ಬಂದಿಗೆ ‘50ಕ್ಕೆ ಶೇ. 3’ ಸೂತ್ರ ಕೊಟ್ಟವು: 50ರ ವಯಸ್ಸಿಗೆ ನಿವೃತ್ತಿ, ದುಡಿದ ಪ್ರತಿ ವರ್ಷಕ್ಕೆ ಸಂಬಳದ ಶೇ. 3. 30 ವರ್ಷ ದುಡಿದರೆ ಸಂಬಳದ ಶೇ. 90 ಪೆನ್ಷನ್. 2008-09ರಲ್ಲಿ ಸರಕಾರಿ ನೌಕರರ ಪೆನ್ಷನ್ ನೋಡಿಕೊಳ್ಳುವ ಕ್ಯಾಲ್‌ಪರ್ಸ್ ನಿಧಿ ಸುಮಾರು ಶೇ. 24 ಕಳೆದುಕೊಂಡಿತು, ಬಾಕಿ ತುಂಬುವ ಹೊಣೆ ಊರುಗಳ ಮೇಲೆ ಬಿತ್ತು. 2013ರಿಂದ ಹೊಸದಾಗಿ ಸೇರಿದವರಿಗೆ ‘57ಕ್ಕೆ ಶೇ. 2.7’, ಹಳಬರಿಗೆ ಕೊಟ್ಟ ಮಾತು ಹಿಂತೆಗೆಯುವಂತಿಲ್ಲ. ಈ ಬಾಕಿಯ ಬಿಲ್ಲು ತೆರಿಗೆ ಪಾಸಾದರೂ ಬರುತ್ತದೆ, ಸೋತರೂ ಬರುತ್ತದೆ. ಸೋತರೆ ಹುದ್ದೆ ಖಾಲಿ ಬಿಟ್ಟು ಕಟ್ಟುತ್ತಾರೆ. ಆದ್ದರಿಂದ ‘ಪೆನ್ಷನ್‌ಗೆ ಹೋಗುತ್ತದೆಯೇ’ ಎಂಬುದಕ್ಕಿಂತ ‘ಈ 90 ಲಕ್ಷದಲ್ಲಿ ಹೊಸ ಹುದ್ದೆ ಎಷ್ಟು, ಈಗಿರುವ ಹುದ್ದೆ ಉಳಿಸಿಕೊಳ್ಳಲು ಎಷ್ಟು’ ಎಂಬುದು ಉತ್ತರ ಸಿಗುವ ಪ್ರಶ್ನೆ.

ಬೇರೆ ದಾರಿಗಳಿಲ್ಲವೇ? ಇವೆ, ಒಂದೊಂದಕ್ಕೂ ಕೊಕ್ಕೆ ಇದೆ. ನಿವೇಶನಕ್ಕಿಷ್ಟು ಎನ್ನುವ ಪಾರ್ಸೆಲ್ ತೆರಿಗೆಯ ಆದಾಯ ಸ್ಥಿರ, ಆರ್ಥಿಕ ಹಿಂಜರಿತಕ್ಕೆ ಅಲುಗುವುದಿಲ್ಲ. ಆದರೆ ಮೂರರಲ್ಲಿ ಎರಡು ಓಟು ಬೇಕು, ಮತ್ತು ಸಾಮಾನ್ಯವಾಗಿ ಸಣ್ಣ ಮನೆಗೂ ಬಂಗಲೆಗೂ ಒಂದೇ ಮೊತ್ತ. ಬಾಂಡ್‌ನಿಂದ ಸ್ಟೇಷನ್ ಕಟ್ಟಬಹುದು, ಸಂಬಳ ಕೊಡಲಾಗದು. ಅದಕ್ಕೂ ಮೂರರಲ್ಲಿ ಎರಡು ಓಟು ಬೇಕು, ಆ ಮಿತಿಯನ್ನು ಶೇ. 55ಕ್ಕೆ ಇಳಿಸುವ ಪ್ರೊಪೊಸಿಷನ್ 5 2024ರಲ್ಲಿ ಸೋತಿತು. ಹೋಟೆಲ್ ತೆರಿಗೆ ಪ್ರವಾಸಿಗರ ಊರಿಗೆ ಸರಿ, ನಿಮ್ಮಂಥ ಊರಿಗೆ ಪುಡಿಗಾಸು. ಹೊಸ ಬಡಾವಣೆಗಳ ಮೇಲೆ ಮೆಲ್ಲೊ-ರೂಸ್ ಎಂಬ, ಆ ಬಡಾವಣೆಯ ಮನೆಗಳಿಗಷ್ಟೇ ಬೀಳುವ ತೆರಿಗೆ ಹಾಕಬಹುದು. ನಿಮ್ಮ ಮನೆ ಹೊಸದಾಗಿದ್ದರೆ ಆಸ್ತಿ ತೆರಿಗೆ ಬಿಲ್ಲು ತೆಗೆದು ನೋಡಿ, ಆಗಲೇ ಕಟ್ಟುತ್ತಿರಲೂಬಹುದು. ನಾಗರಿಕರೇ ಸಹಿ ಸಂಗ್ರಹಿಸಿ ವಿಶೇಷ ತೆರಿಗೆ ತಂದರೆ, ರಾಜ್ಯದ ಸುಪ್ರೀಂ ಕೋರ್ಟಿನ 2017ರ ಅಪ್‌ಲ್ಯಾಂಡ್ ತೀರ್ಪಿನ ಜಾಡಿನಲ್ಲಿ ಮೇಲ್ಮನವಿ ಕೋರ್ಟುಗಳು ಸರಳ ಬಹುಮತ ಸಾಕು ಎಂದಿವೆ. ಅದಕ್ಕೆ ಬೇಕಾದ ಸಂಘಟನೆ ಸಾಮಾನ್ಯವಾಗಿ ಇರುವುದು ನೌಕರರ ಯೂನಿಯನ್‌ಗಳಿಗೆ. ಇವೆಲ್ಲದರ ಎದುರು ಸೇಲ್ಸ್ ಟ್ಯಾಕ್ಸ್‌ನ ಆಕರ್ಷಣೆ ಎಂದರೆ ಹೊರಗಿನಿಂದ ಬಂದು ಕೊಳ್ಳುವವರೂ ಪಾಲು ಕೊಡುತ್ತಾರೆ. ದೋಷವೆಂದರೆ ಜನ ಕೈ ಬಿಗಿಹಿಡಿದ ವರ್ಷವೇ, ಪೊಲೀಸರು ಹೆಚ್ಚು ಬೇಕಾದ ವರ್ಷವೇ ಅದು ಕುಸಿಯುತ್ತದೆ.

ನಿಮ್ಮ ಜಾಗದಲ್ಲಿ ಮಾಡಬೇಕಾದ್ದು ಇಷ್ಟು. ಸಿಟಿ ಕ್ಲರ್ಕ್ ಬಳಿ ಆರ್ಡಿನೆನ್ಸ್‌ನ ಪೂರ್ಣ ಪಾಠ ಕೇಳಿ ಪಡೆಯಿರಿ. ಅದರಲ್ಲಿ ಜನರಲ್ ಫಂಡ್‌ನ ಕನಿಷ್ಠ ಪಾಲಿನ ಷರತ್ತು, ಮುಕ್ತಾಯದ ವರ್ಷ, ಮೇಲುಸ್ತುವಾರಿ ಸಮಿತಿ ಇವೆಯೇ ನೋಡಿ. ಸಮಿತಿ ಇದ್ದರೆ ಅದು ಬಜೆಟ್‌ಗೆ ಮೊದಲು ಸೇರುತ್ತದೆಯೋ, ಖರ್ಚಾದ ಮೇಲೆ ವರದಿ ಓದಲು ಸೇರುತ್ತದೆಯೋ ಎಂಬುದು ದೊಡ್ಡ ವ್ಯತ್ಯಾಸ. ಕಳೆದ ಐದು ಬಜೆಟ್‌ಗಳಲ್ಲಿ ಈ ಎರಡು ಇಲಾಖೆಗೆ ಜನರಲ್ ಫಂಡ್‌ನಿಂದ ಹೋದ ಮೊತ್ತ, ಮಂಜೂರಾದ ಹುದ್ದೆ, ಭರ್ತಿಯಾದ ಹುದ್ದೆ ಮೂರನ್ನೂ ಪಕ್ಕಪಕ್ಕ ಬರೆಯಿರಿ. ಮಂಜೂರಾದದ್ದು 100, ಭರ್ತಿಯಾದದ್ದು 82 ಎಂದಾದರೆ ತೊಂದರೆ ದುಡ್ಡಿನದೋ ನೇಮಕಾತಿಯದೋ ಎಂಬ ಪ್ರಶ್ನೆ ಏಳುತ್ತದೆ. ನಿಮಗೆ ಓಟಿಲ್ಲ ನಿಜ. ಆದರೆ ಸ್ಥಳೀಯ ಸಭೆಗಳು ಎಲ್ಲರಿಗೂ ತೆರೆದಿರಬೇಕು ಎನ್ನುವ ರಾಜ್ಯದ ಬ್ರೌನ್ ಆಕ್ಟ್ ಪ್ರಕಾರ ಕೌನ್ಸಿಲ್ ಸಭೆಯಲ್ಲಿ ಯಾರು ಬೇಕಾದರೂ ಮಾತಾಡಬಹುದು, ಒಳಗೆ ಹೋಗಲು ಹೆಸರು ಬರೆಸಬೇಕೆಂದೂ ಇಲ್ಲ, ವೀಸಾ ಯಾರೂ ಕೇಳುವುದಿಲ್ಲ. ಮೇಲಿನ ಮೂರು ಅಂಕಿಗಳನ್ನು ಹಿಡಿದು ಎರಡು ನಿಮಿಷ ಮಾತಾಡಿದವರ ಪ್ರಶ್ನೆಗೆ ಸಾಮಾನ್ಯವಾಗಿ ಫೈನಾನ್ಸ್ ಡೈರೆಕ್ಟರ್ ಎದ್ದು ಉತ್ತರಿಸಲೇಬೇಕಾಗುತ್ತದೆ.

ನನ್ನ ಅಭಿಪ್ರಾಯ ಕೇಳಿದ್ದೀರಿ. ಮುಕ್ತಾಯದ ವರ್ಷವಿಲ್ಲದ, ಕನಿಷ್ಠ ಪಾಲಿನ ಷರತ್ತಿಲ್ಲದ ಸಾಮಾನ್ಯ ತೆರಿಗೆಗೆ ‘ಪೊಲೀಸ್, ಅಗ್ನಿಶಾಮಕಕ್ಕೆ’ ಎಂದುಕೊಂಡು ಹೌದು ಎನ್ನಬೇಡಿ. ‘ಊರಿನ ಖಜಾನೆಗೆ’ ಎಂದುಕೊಂಡು, ಈ ಕೌನ್ಸಿಲ್‌ನ ಕೈಯಲ್ಲಿ ಬಿಡಲು ನಿಮಗೆ ಒಪ್ಪಿಗೆಯಿದ್ದರೆ ಹೌದು ಅನ್ನಿ. ಎರಡೂ ಬೇರೆ ಬೇರೆ ತೀರ್ಮಾನ.

ಕಾರಿನ ಮಾತು ಉಳಿಯಿತು. ಪಕ್ಕದೂರಿನ ಡೀಲರ್ ಬಳಿ ಕೊಂಡರೂ ಉಳಿತಾಯವಿಲ್ಲ. ಈ ಹೆಚ್ಚುವರಿ ತೆರಿಗೆ ಕಾರು ನೋಂದಣಿಯಾಗುವ ವಿಳಾಸವನ್ನು ಹಿಂಬಾಲಿಸುತ್ತದೆ. ಆನ್‌ಲೈನ್ ಖರೀದಿಗೂ ಹಾಗೆಯೇ, ಪೆಟ್ಟಿಗೆ ತಲುಪುವ ಮನೆಯ ದರ. ದರ ಏರದ ಪಕ್ಕದೂರಿನ ಅಂಗಡಿಗೆ ಹೋಗಿ 200 ಡಾಲರ್ ಸಾಮಾನು ತಂದರೆ ಉಳಿಯುವುದು ಒಂದು ಡಾಲರ್, ಕಾನೂನಿನ ಅಕ್ಷರ ಹಿಡಿದರೆ ಆ ಒಂದನ್ನೂ ಯೂಸ್ ಟ್ಯಾಕ್ಸ್ (ಬೇರೆಡೆ ಕೊಂಡು ಇಲ್ಲಿ ಬಳಸುವುದರ ತೆರಿಗೆ) ಎಂದು ನೀವೇ ಕಟ್ಟಬೇಕು. ಆದರೆ ನವೆಂಬರ್‌ನಲ್ಲಿ ಪಾಸಾದ ತೆರಿಗೆ ಜಾರಿಗೆ ಬರುವುದು ಸಾಮಾನ್ಯವಾಗಿ ಮುಂದಿನ ಏಪ್ರಿಲ್ 1ರಂದು: ಕನಿಷ್ಠ 110 ದಿನ ಕಳೆದ ಮೇಲಿನ ತ್ರೈಮಾಸಿಕದ ಮೊದಲ ದಿನ ಎಂಬುದು ನಿಯಮ. ಮಾರ್ಚ್ ಮುಗಿಯುವುದರೊಳಗೆ ಕರಾರಿಗೆ ಸಹಿ ಹಾಕಿ ಕಾರು ಮನೆಗೆ ತಂದರೆ 36,000ಕ್ಕೆ 180 ಡಾಲರ್ ಉಳಿಯುತ್ತದೆ. ಡೀಲರ್ ‘ಬೇಗ ತಗೊಳ್ಳಿ, ತೆರಿಗೆ ಏರುತ್ತದೆ’ ಎಂದು ಅವಸರ ಮಾಡಿದರೆ ಅದೇ 180ನ್ನು ಬೆಲೆಯಲ್ಲಿ ಇಳಿಸಲು ಕೇಳಿ.